ದೈವ ಕುಡಿಯದ ನೀರು

ಈ ಕಥೆಯನ್ನು ಮೊದಲು ಹೇಳಿದಾಕೆ ಹುಬ್ಬಳ್ಳಿಯ ಉಣಕಲ್ಲಿನ ಬಳೆಗಾರ್ತಿ ಮಕ್ತುಮಬಿ. 2024ರಲ್ಲಿ, ಶ್ರಾವಣ ಮುಗಿದು ಬಳೆಯ ವ್ಯಾಪಾರ ತಣ್ಣಗಾಗಿದ್ದ ಒಂದು ಮಂಗಳವಾರ ಮಧ್ಯಾಹ್ನ, ತನ್ನ ಮನೆಯ ಕಟ್ಟೆಯ ಮೇಲೆ ಕುಳಿತು, ಓಣಿಯ ಹೆಂಗಸರಿಗೆ ಹೇಳಿದಳು. ಅಂದು ಜೊತೆಗಿದ್ದ ಸೊಸೆ ಜರೀನಾ ಮುಂದೆ ಅದನ್ನು ತಿರುಗಿ ಹೇಳಿದಳು. ಇಲ್ಲಿರುವುದು ಜರೀನಾಳ ಬಾಯಿಂದ ಬಂದ ಪಾಠ. ಊರಿನ ಹೆಸರನ್ನು ಮಕ್ತುಮಬಿ ಹೇಳಲಿಲ್ಲ. “ಸುಳ್ಳ ಅನ್ನೂ ಹಳ್ಳಿ ಆಚೆ ಒಂದೂರು ಅಂತ ತಿಳಕೋರಿ. ಹೆಸರು ಹೇಳಿದ್ರ, ಆ ಊರ ಅಷ್ಟ ಹಂಗೈತಿ ಬಿಡು ಅಂತ ನೀವು ಸಮಾಧಾನ ಮಾಡಕೋತೀರಿ” ಎಂದಳಂತೆ.

ಆ ಊರಿನಲ್ಲಿ ಫಕ್ಕೀರವ್ವ ಎಂಬ ಹೆಂಗಸು ಇದ್ದಳು. ಊರ ಹೆಬ್ಬಾಗಿಲಾದ ಅಗಸಿಯ ಹೊರಗಿನ ಓಣಿಯವಳು. ಗಂಡ ಸತ್ತಿದ್ದ, ಮಕ್ಕಳಿರಲಿಲ್ಲ. ಊರ ಸರಕಾರಿ ಶಾಲೆಯಲ್ಲಿ ಮಕ್ಕಳ ಬಿಸಿಯೂಟ ಬೇಯಿಸುವುದು ಅವಳ ಕೆಲಸ. ಅಕ್ಕಿಯ ಚೀಲವನ್ನು ಬೆನ್ನ ಮೇಲೆ ಹೊತ್ತು ತರಬೇಕು. ನೀರು ಸೇದಿ ತುಂಬಬೇಕು. ಕುದಿಯುವ ಹಂಡೆಯನ್ನು ಎರಡೂ ಕೈಯಿಂದ ಹಿಡಿದು ಬಾಗಿಸಿ ಗಂಜಿ ಬಸಿಯಬೇಕು. ಬಸಿಯುವಾಗ ಏಳುವ ಆವಿ ಮೊಣಕೈಯವರೆಗೆ ಸುಡುತ್ತಿತ್ತು. ಅವಳ ಕೈಗಳ ಮೇಲೆ ಒಂದು ಕೂದಲೂ ಉಳಿದಿರಲಿಲ್ಲ.

ಅವಳು ಸೌಟು ಹಿಡಿದ ಮೊದಲ ವಾರ ಅಗಸಿಯ ಒಳಗಿನ ಮಕ್ಕಳು ಮನೆಯಿಂದ ಡಬ್ಬಿ ತಂದರು. ಇಲಾಖೆಯವರು ಬಂದರು. ಅವರ ಹಿಂದೆ ಪೊಲೀಸರೂ ಬಂದರು. ಡಬ್ಬಿಗಳು ನಿಂತವು. ಕುಲ ಎತ್ತಿ ಆಡಿದರೆ ಕೇಸಾಗುತ್ತದೆ ಎಂಬುದನ್ನು ಊರು ಕಲಿಯಿತು. ಕಲಿತದ್ದು ಅಷ್ಟೇ.

ಹತ್ತಿಯ ವ್ಯಾಪಾರಿ ಗುರುಪಾದ ಶಾಲೆಯ ಸಮಿತಿಯ ಅಧ್ಯಕ್ಷ. ಅವನ ಮೊಮ್ಮಗಳು ಭಾಗ್ಯಶ್ರೀ ಮೂರನೆಯ ಇಯತ್ತೆಯಲ್ಲಿದ್ದಳು. ಒಂದು ಸಂಜೆ ಕೂಸಿಗೆ ಜ್ವರ ಬಂತು, ಕೈಕಾಲು ಸೆಟೆದವು. ಹುಬ್ಬಳ್ಳಿಯ ಆಸ್ಪತ್ರೆಯಿಂದ ಹೆಣವಾಗಿ ಮನೆಗೆ ಬಂದಳು. ಮಿದುಳಿಗೆ ಜ್ವರ ಏರಿತ್ತೆಂದು ಡಾಕ್ಟರರು ಹೇಳಿದರು. ಗುರುಪಾದ ಒಂದೇ ಮಾತು ಆಡಿದ: “ಕೂಸು ಅವತ್ತ ಸಾಲ್ಯಾಗ ಉಂಡು ಬಂದಿತ್ತು.” ಉಳಿದದ್ದನ್ನು ಊರು ಆಡಿತು. ಗಂಡ ಸತ್ತದ್ದು ಹೇಗೆ, ಹೊಟ್ಟೆ ತೆರೆಯದಿದ್ದುದು ಯಾಕೆ, ಅಮಾವಾಸ್ಯೆಯ ದಿನ ಒಲೆಯ ಮುಂದೆ ಏನು ಗುಣುಗುಣು ಅನ್ನುತ್ತಿದ್ದಳು—ಎಲ್ಲಕ್ಕೂ ಉತ್ತರ ಸಿಕ್ಕಿತು. ಮಾಟ. ಆ ಮಾತಿಗೆ ಸಾಕ್ಷಿ ಬೇಕಿರಲಿಲ್ಲ. ಕುಲದ ಮಾತು ಎದ್ದುಹೋದ ಜಾಗದಲ್ಲಿ ಮಾಟದ ಮಾತು ಬಂದು ಕುಳಿತಿತು.

ಯಾರೂ ಅವಳ ಎದುರಿಗೆ ಹೇಳಲಿಲ್ಲ. “ಸ್ವಲ್ಪ ದಿನ ಬರಬ್ಯಾಡ” ಎಂದರು ಹೆಡ್‌ಮಾಸ್ತರರು. ಕಳೆ ತೆಗೆಯುವ ಹೆಣ್ಣಾಳುಗಳ ಸಾಲಿನಲ್ಲಿ ಅವಳು ಕುಳಿತರೆ ಸಾಲು ಆಚೆ ಸರಿಯುತ್ತಿತ್ತು. ಅವಳ ಜೋಳ ಬಿದ್ದ ಗಿರಣಿಯಲ್ಲಿ ತಮ್ಮ ಜೋಳ ಹಾಕಿಸಲು ಹೆಂಗಸರು ಒಲ್ಲೆ ಎಂದರು. “ಎಲ್ಲಾರದೂ ಆದ ಮ್ಯಾಲ ಬಾರವ್ವ” ಎಂದ ಗಿರಣಿಯವನು. ಎಲ್ಲರದೂ ಆದ ಮೇಲೆ ಹೋದರೆ ಗಿರಣಿಯ ಬಾಗಿಲು ಹಾಕಿರುತ್ತಿತ್ತು. ಫಕ್ಕೀರವ್ವ ಇಡೀ ಜೋಳವನ್ನೇ ಕುದಿಸಿ ತಿಂದಳು. ಹಗಲೂ ಅದೇ, ಸಂಜೆಯೂ ಅದೇ. ಹೊಟ್ಟೆ ಕಲ್ಲಾಯಿತು. ಆದರೂ ಅವಳಿಗೆ ಒಂದು ಆಸೆ ಇತ್ತು. ಪಿಸುಮಾತಿಗೆ ಆಯುಷ್ಯ ಕಡಿಮೆ. ಇನ್ನೊಂದು ಸುದ್ದಿ ಬಂದರೆ ಊರು ಇದನ್ನು ಮರೆತೀತು, ತಾನು ಒಲೆಯ ಮುಂದೆ ಹೋಗಿ ಕುಳಿತೇನು.

ಅಷ್ಟರಲ್ಲಿ ಧಾರವಾಡದಿಂದ ನಾಟಕದವರು ಬಂದರು.

ಅವರದು ಜನರೇ ತೀರ್ಪು ಕೊಡುವ ನಾಟಕ. ಮಾಟ ಮಾಡಿದಳೆಂಬ ಆರೋಪದ ಮೇಲೆ ಒಬ್ಬ ಹೆಂಗಸಿನ ವಿಚಾರಣೆ ನಡೆಯುತ್ತದೆ. ಆರೋಪ ಹೊರಿಸುವವರು ಮಾತಾಡುತ್ತಾರೆ, ಅವಳು ಮಾತಾಡುತ್ತಾಳೆ. ಕೊನೆಗೆ ನೋಡಲು ಕುಳಿತವರೇ ನ್ಯಾಯ ಹೇಳಬೇಕು. ಧಾರವಾಡದ ಕಾಲೇಜುಗಳಲ್ಲಿ ಆಡಿದಾಗಲೆಲ್ಲ ಹುಡುಗ ಹುಡುಗಿಯರು ಕೈ ಎತ್ತಿ ಅವಳನ್ನು ಬಿಡಿಸಿದ್ದರು, ಚಪ್ಪಾಳೆ ಬಿದ್ದಿತ್ತು. ಆಡಿಸುವವನು ಶಶಿಕಾಂತ. ಆರೋಪ ಹೊರುವ ಹೆಂಗಸಿನ ಪಾತ್ರ ವಾಣಿಶ್ರೀಯದು. ಫಕ್ಕೀರವ್ವನ ಸುದ್ದಿ ಹೇಗೋ ಶಶಿಕಾಂತನ ಕಿವಿಗೆ ಬಿದ್ದಿತ್ತು. ಊರ ಕಣ್ಣು ತೆರೆಸಬೇಕೆಂದು ಅವನು ಗುರುಪಾದನ ಅಂಗಡಿಗೆ ಬಂದು ಅಪ್ಪಣೆ ಕೇಳಿದ.

ಗುರುಪಾದ ಸಿಟ್ಟಾಗಲಿಲ್ಲ. ಕುರ್ಚಿ ಹಾಕಿಸಿದ, ಚಹಾ ತರಿಸಿದ.

“ಆಡ್ರಿ, ಚಲೋ ಕೆಲಸ. ಆದ್ರ ಕೈ ಎತ್ತಸೂದು ಅಂದ್ರ ಇಲೆಕ್ಷನ್ ಆತ್ರಿ ಸರ. ನಮ್ಮ ಕಡೆ ಹೊರಗಾದವರನ್ನ ಒಳಗ ತಗೊಳ್ಳೂ ಪದ್ಧತಿ ಬ್ಯಾರೆ ಐತಿ. ದೈವ ಕೂಡತೈತಿ. ಹೊರಗಿದ್ದವರು ತಮ್ಮ ಕೈಲೆ ನೀರು ಕೊಡತಾರ. ದೈವ ಕುಡದ್ರ ಮುಗೀತು, ಅವರು ಒಳಗ.”

ದೈವವೆಂದರೆ ಆ ಕಡೆ ಊರ ಹಿರಿಯರೂ ಮನೆಗೊಬ್ಬರೂ ಸೇರಿ ಕೂಡುವ ಸಭೆ. ಅದು ಕೂಡಿ ಆಡಿದ ಮಾತನ್ನು ತೆಗೆದುಹಾಕುವವರಿಲ್ಲ. ಶಶಿಕಾಂತನಿಗೆ ಅದು ತಿಳಿಯದು. ನೀರು ಎಂಬ ಮಾತಷ್ಟೇ ಅವನ ಕಿವಿಗೆ ಇಂಪಾಯಿತು.

“ಭಾಳ ಛಂದ ಐತ್ರಿ! ಇದನ್ನ ಇಟಗೋತೀವಿ.”

“ಹಂಗಾದ್ರ ಇನ್ನೊಂದು. ನಿಮ್ಮ ನಾಟಕದ ಅಕ್ಕಾರ ಕೈಲೆ ಯಾರ ಬೇಕಾದ್ರೂ ಕುಡೀತಾರ, ಅದರಾಗ ಏನೈತಿ? ಫಕ್ಕೀರವ್ವನ್ನ ನಿಂದರಸ್ರಿ. ದೈವ ಕುಡದ್ರ ಸೋಮವಾರ ಆಕಿ ಸೌಟು ಹಿಡೀಲಿ. ನಾ ಮಾತು ಕೊಟ್ಟೆ.”

ಶಶಿಕಾಂತ ಅಲ್ಲಿಂದ ಎದ್ದವನು ನೇರ ಅಗಸಿಯ ಹೊರಗೆ ಬಂದ. ವಾಣಿಶ್ರೀಯೂ ಬಂದಳು. ಫಕ್ಕೀರವ್ವ ಹೊಸ್ತಿಲಲ್ಲಿ ಕುಳಿತು ಎಲ್ಲವನ್ನೂ ಕೇಳಿದಳು.

“ನೀರು ಬ್ಯಾಡ್ರಿ ಸರ. ಕೈ ಎತ್ತಸ್ರಿ. ಕೈ ಎತ್ತಾಕ ಯಾರಿಗೂ ಮೈಲಿಗಿ ತಟ್ಟಾಂಗಿಲ್ಲ.”

“ಅದಕ್ಕ ನೀರ ಇರಬೇಕು ಅವ್ವಾ. ಮುಟ್ಟಬೇಕು, ಕುಡೀಬೇಕು, ಆವಾಗ ಮನಸು ಬದಲಾಗತೈತಿ. ನೀವು ನಟನೆ ಮಾಡೂದು ಏನೂ ಇಲ್ಲ. ನೀವು ನೀವಾಗಿ ನಿಂತ್ರ ಸಾಕು.”

“ನಾ ನಾನಾಗಿ ನಿಂತ್ರ ಯಾರೂ ಕುಡಿಯಾಂಗಿಲ್ರಿ. ಈ ಅಕ್ಕಾರು ನಾನಾಗಿ ನಿಂತ್ರ ಕುಡೀತಾರ.”

ವಾಣಿಶ್ರೀ ತಲೆ ತಗ್ಗಿಸಿದಳು. ಶಶಿಕಾಂತ ನಕ್ಕ. “ಜನರ ಮ್ಯಾಲ ಇಷ್ಟ ಅಪನಂಬಿಕಿ ಬ್ಯಾಡ. ಅಧ್ಯಕ್ಷರು ಮಾತು ಕೊಟ್ಟಾರ. ಸೋಮವಾರ ಸೌಟು ನಿಮ್ಮ ಕೈಯಾಗ.”

ಒಳಗೆ ಒಲೆಯ ಮೇಲೆ ಜೋಳ ಕುದಿಯುತ್ತಿತ್ತು. ಆ ವಾಸನೆಗೆ ಅವಳು ಮುಖ ತಿರುಗಿಸಿದಳು. ಸೋಮವಾರ ಎಂಬ ಮಾತು ಮಾತ್ರ ಅವಳೊಳಗೆ ಇಳಿಯಿತು. ಹಂಡೆ, ಆವಿ, ತಟ್ಟೆ ಹಿಡಿದು ಸಾಲುಗಟ್ಟಿದ ಮಕ್ಕಳು. ನೂಕಾಡಬ್ಯಾಡ್ರಿ ಎಂದು ಬೈದು ಬಡಿಸುವ ತನ್ನದೇ ಧ್ವನಿ.

“ಆತ್ರಿ” ಎಂದಳು.

ವಾಣಿಶ್ರೀ ಅವಳಿಗೆ ಮಾತು ಕಲಿಸಿದಳು: “ದೈವವೇ, ನನ್ನ ಬದುಕು ನಿಮ್ಮ ಕೈಯಲ್ಲಿದೆ.” ಫಕ್ಕೀರವ್ವ ತಾಮ್ರದ ಕೊಡವನ್ನು ಹುಣಸೆಹಣ್ಣು ಬೂದಿ ಹಚ್ಚಿ ತಿಕ್ಕುತ್ತ ಆ ಮಾತನ್ನು ಉರು ಹಾಕಿದಳು. ಅಂಗೈ ಉರಿಯುವವರೆಗೆ ತಿಕ್ಕಿದಳು. ತನ್ನ ಕೈಯನ್ನೂ ಹಾಗೆಯೇ ತಿಕ್ಕಿದಳು.

ಭಾನುವಾರ ಇಳಿಹೊತ್ತಿನಲ್ಲಿ ಶಾಲೆಯ ಅಂಗಳದಲ್ಲಿ ನಾಟಕ. ನಾಟಕದ ಹುಡುಗರು ಸುಣ್ಣದ ಪುಡಿಯಿಂದ ನೆಲದ ಮೇಲೆ ದೊಡ್ಡ ದುಂಡು ಬರೆದರು. ಅದೇ ಅವರ ರಂಗ. ಪಡಸಾಲೆಯ ಮೇಲೆ ಗುರುಪಾದ ಮತ್ತು ಹಿರಿಯರು. ಕೆಳಗೆ ಒಂದು ಕಡೆ ಗಂಡಸರು, ಒಂದು ಕಡೆ ಹೆಂಗಸರು. ಕಂಪೌಂಡಿನ ಗೋಡೆಗೆ ಅಂಟಿಕೊಂಡು ಅಗಸಿಯ ಹೊರಗಿನವರು. ಅಂದು ಬಳೆ ಮಾರಲು ಬಂದಿದ್ದ ಮಕ್ತುಮಬಿ ಬಳೆಯ ಮಲಾರ ಇಳಿಸಿ ಹೆಂಗಸರ ಬದಿಗೆ ಕುಳಿತಿದ್ದಳು.

ಮೊದಲು ಎಲ್ಲವೂ ಚೆನ್ನಾಗಿಯೇ ಇತ್ತು. ಗೌಡನ ವೇಷದ ಹುಡುಗ ಹುಸಿಮೀಸೆ ತಿರುವಿದಾಗ ಜನ ನಕ್ಕರು. ಮಂತ್ರವಾದಿಯ ವೇಷದವನು ನಿಂಬೆಹಣ್ಣು ಎಸೆದಾಗ ಇನ್ನೂ ನಕ್ಕರು. ಆಮೇಲೆ ಫಕ್ಕೀರವ್ವ ಕೊಡ ಹೊತ್ತು ಸುಣ್ಣದ ಗೆರೆ ದಾಟಿ ಒಳಗೆ ಬಂದಳು. ನಗು ನಿಂತಿತು.

ಅವಳು ಕೊಡ ಇಳಿಸಿದಳು. ತಂಬಿಗೆ ತುಂಬಿ ಎರಡೂ ಕೈಯಲ್ಲಿ ಹಿಡಿದಳು. “ದೈವವೇ, ನನ್ನ ಬದುಕು ನಿಮ್ಮ ಕೈಯಲ್ಲಿದೆ.”

ಯಾರೂ ಏಳಲಿಲ್ಲ.

“ಬರ್ರಿ! ನ್ಯಾಯ ನಿಮ್ಮದು!” ಎಂದು ಶಶಿಕಾಂತ ಕೂಗಿದ.

“ಸರ, ಮದಲ ನೀವು ಕುಡೀರಿ!” ಎಂದು ಗಂಡಸರ ಕಡೆಯಿಂದ ಯಾರೋ ಅಂದರು.

ಶಶಿಕಾಂತ ಗಟಗಟ ಕುಡಿದು ತಂಬಿಗೆ ಬೋರಲು ಮಾಡಿ ತೋರಿಸಿದ.

“ಏನೂ ಆಗಲಿಲ್ಲ ನೋಡಪಾ!” ಎಂದ ಜನರೊಳಗೊಬ್ಬ.

“ತಡೀಲೇ, ಅವ್ರು ಧಾರವಾಡ ಮುಟ್ಟಲಿ!” ಎಂದ ಇನ್ನೊಬ್ಬ.

ಅಂಗಳವೆಲ್ಲ ನಕ್ಕಿತು. ವಾಣಿಶ್ರೀ ಎದ್ದು ಬಂದು ಕುಡಿದಳು. ಮಕ್ತುಮಬಿಯೂ ಎದ್ದು ಬಂದು ಕುಡಿದಳು. ಪಡಸಾಲೆಯ ಮೇಲಿಂದ ಗುರುಪಾದ ಮೆಲ್ಲಗೆ ಹೇಳಿದ: “ಪರ ಊರಿನವರದು ಲೆಕ್ಕಕ್ಕಿಲ್ಲ.” ಆಗ ಕಂಪೌಂಡಿನ ಗೋಡೆಯ ಕಡೆಯಿಂದ ಮುದುಕ ಗುಡ್ಡಪ್ಪ ಎದ್ದ, ಅವನ ಹಿಂದೆ ಅವಳ ಓಣಿಯವರೆಲ್ಲ ಎದ್ದರು.

“ಕೂಡ್ರಿ ಕೂಡ್ರಿ” ಎಂದ ಗುರುಪಾದ. “ನೀವು ದಿನಾ ಆಕಿ ಕೈಲೆ ಕುಡಿಯವರ. ನಿಮ್ಮದೂ ಲೆಕ್ಕಕ್ಕಿಲ್ಲ.”

ಕುಡಿಯುವವರು ಲೆಕ್ಕಕ್ಕಿರಲಿಲ್ಲ. ಲೆಕ್ಕಕ್ಕಿದ್ದವರು ಕುಡಿಯಲಿಲ್ಲ. ಫಕ್ಕೀರವ್ವ ತಂಬಿಗೆಯನ್ನು ಮತ್ತೆ ತುಂಬಿ ಮುಂದೆ ಚಾಚಿದಳು. ಅನ್ನದ ಹಂಡೆ ಎತ್ತಿದ ತೋಳು. ಒಂದು ತಂಬಿಗೆ ಅದಕ್ಕೆ ಭಾರವಾಯಿತು.

ಅಷ್ಟರಲ್ಲಿ ಹೆಂಗಸರ ನಡುವಿನಿಂದ ದಾಕ್ಷಾಯಿಣಿ ಎದ್ದಳು. ಗುರುಪಾದನ ಸೊಸೆ. ಸತ್ತ ಭಾಗ್ಯಶ್ರೀಯ ತಾಯಿ. ಇವಳು ಕುಡಿದರೆ ಕುಡಿಯದೆ ಉಳಿಯುವವರು ಆ ಊರಲ್ಲಿ ಯಾರೂ ಇರಲಿಲ್ಲ. ಪಡಸಾಲೆಯ ಮೇಲೆ ಗುರುಪಾದ ಅರ್ಧ ಎದ್ದವನು ಹಾಗೆಯೇ ನಿಂತ. ದಾಕ್ಷಾಯಿಣಿ ಸುಣ್ಣದ ಗೆರೆ ದಾಟಿ ಬಂದಳು. ತಂಬಿಗೆಗೆ ಕೈ ಒಡ್ಡಿದಳು. ತೆಗೆದುಕೊಂಡಳು. ಅವಳ ಬೆರಳು ಫಕ್ಕೀರವ್ವನ ಬೆರಳಿಗೆ ತಾಕಿತು. ಒಂದು ಗಳಿಗೆ ಸೋಮವಾರ ಬಂದೇಬಿಟ್ಟಿತು.

“ಖರೇ ಹೇಳು ಫಕ್ಕೀರವ್ವ” ಎಂದಳು ದಾಕ್ಷಾಯಿಣಿ. ಧ್ವನಿಯಲ್ಲಿ ಸಿಟ್ಟಿರಲಿಲ್ಲ. “ಅವತ್ತ ನನ್ನ ಕೂಸಿಗೆ ಏನ್ ಕೊಟ್ಟಿ?”

ಇದು ಯಾರೂ ಕಲಿಸಿದ ಮಾತಲ್ಲ. ಫಕ್ಕೀರವ್ವ ಇದ್ದದ್ದನ್ನು ಹೇಳಿದಳು. “ಅನ್ನ ಸಾರು ಕೊಟ್ಟೆ ತಾಯಿ. ಹಸ್ತಿತ್ತು ಕೂಸು. ಇನ್ನೊಮ್ಮೆ ತಟ್ಟಿ ಹಿಡಕೊಂಡು ಬಂತು. ಇನ್ನೊಮ್ಮೆ ಕೊಟ್ಟೆ.”

“ಎಲ್ಲಾ ಮಕ್ಕಳಿಗೂ ಎರಡೆರಡು ಸಲ ಕೊಟ್ಟಿ?”

“ಇಲ್ಲವ್ವ... ಕೇಳಿದವರಿಗೆ.”

“ಮತ್ಯಾರು ಕೇಳಿದ್ರು?”

ಫಕ್ಕೀರವ್ವ ನೆನಪಿಸಿಕೊಂಡಳು. ಆ ದಿನ ಬೇರೆ ಯಾರೂ ಕೇಳಿರಲಿಲ್ಲ. ಸುಳ್ಳು ಹೇಳಬಹುದಿತ್ತು. ಅದು ಹೊಳೆಯಲಿಲ್ಲ.

“ನಿಮ್ಮ ಕೂಸು ಒಂದ, ತಾಯಿ.”

“ನನ್ನ ಕೂಸು ಒಂದ” ಎಂದಳು ದಾಕ್ಷಾಯಿಣಿ. “ಮನ್ಯಾಗ ಒಂದು ತುತ್ತು ತಿನ್ನು ಅಂದ್ರ ಓಡಿ ಹೋಗತಿತ್ತು. ನಿನ್ನ ಕೈಲೆ ಎರಡು ಸಲ ಉಂಡಿತ್ತ?” ಅವಳ ಮುಖದಲ್ಲಿ ಏನೋ ಮುರಿಯಿತು. ತಂಬಿಗೆಯನ್ನು ಬಾಗಿಸಿದಳು. ನೀರು ಸುಣ್ಣದ ಮೇಲೆ ಬಿದ್ದು ಮಣ್ಣಿಗೆ ಇಳಿಯಿತು. ಖಾಲಿ ತಂಬಿಗೆಯನ್ನು ನೆಲದ ಮೇಲಿಟ್ಟು, ಸೆರಗು ಬಾಯಿಗೆ ಒತ್ತಿಕೊಂಡು ಹೋಗಿ ಹೆಂಗಸರ ನಡುವೆ ಕುಳಿತಳು.

ಗುರುಪಾದ ಟೋಪಿ ಸರಿಮಾಡಿಕೊಂಡ. “ದೈವ ಕುಡೀಲಿಲ್ಲ. ಆಕಿ ಹೊರಗ.”

“ಇದು ನಾಟಕ ರೀ!” ಎಂದು ಶಶಿಕಾಂತ ಓಡಿ ಬಂದ. “ಇದು ಖರೇ ತೀರ್ಪಲ್ಲ!”

“ಊರ ಹಿರಿಯರು ಕುಂತಾರ. ಮನಿಗೊಬ್ಬರು ಬಂದಾರ. ನೀರು ಇಟ್ಟಾರ, ಯಾರೂ ಕುಡಿದಿಲ್ಲ. ಇದರಾಗ ನಾಟಕ ಯಾವುದು ಸರ? ನೀವ ದೈವ ಕೂಡಿಸಿದ್ರಿ. ನಾವು ಕೂಡಿಸಿದ್ದಿಲ್ಲ.”

ಶಶಿಕಾಂತನ ಮುಖ ಬೆವರಿತು. ಅವನು ಫಕ್ಕೀರವ್ವನ ಹತ್ತಿರ ಬಂದು ಬಾಗಿ, ಅವಳಿಗಷ್ಟೇ ಕೇಳುವಂತೆ ಹೇಳಿದ: “ಅವ್ವಾ, ನಮ್ಮ ನಾಟಕದಾಗ ಇನ್ನೊಮ್ಮೆ ಆಡಾಕ ಬರತೈತಿ. ಮದಲಿಂದ ಆಡೂಣು. ಈ ಸಲ ಸ್ವಲ್ಪ ಅಳ್ರಿ. ಅಧ್ಯಕ್ಷರ ಕಾಲಿಗೆ ಬೀಳ್ರಿ. ಜನ ಕರಗತಾರ.”

ಫಕ್ಕೀರವ್ವ ಅವನನ್ನು ನೋಡಿದಳು. ಆಮೇಲೆ ಅವಳು ಮಾತಾಡಿದ್ದು ಇಡೀ ಅಂಗಳಕ್ಕೆ ಕೇಳಿಸಿತು.

“ಇಲ್ಲ. ಇನ್ನೊಮ್ಮೆ ನಿಂದ್ರಾಂಗಿಲ್ಲ. ಯಾರ ಕಾಲಿಗೂ ಬೀಳಾಂಗಿಲ್ಲ. ಇಷ್ಟು ವರ್ಷ ನಿಮ್ಮ ಮಕ್ಕಳ ತಟ್ಟಿಗೆ ನೀಡೇನಿ. ನಿಮ್ಮ ಮಕ್ಕಳ ಎಂಜಲ ತಟ್ಟಿ ಬಳದೇನಿ. ಅವು ವಾಂತಿ ಮಾಡಿದ್ರ ಕೈಲೆ ತಗದೇನಿ. ಆವಾಗ ಈ ಕೈ ಯಾರಿಗೂ ಮಾಟದ್ದು ಆಗಿದ್ದಿಲ್ಲ. ನೀರು ಕೊಡತೇನಿ ಕುಡೀರಿ ಅಂತ ಈ ಊರಿಗೆ ಇನ್ನ ಮ್ಯಾಲ ಅನ್ನಾಂಗಿಲ್ಲ. ನೀವು ನೀರಿಲ್ಲದ ಬಾಯಿ ಬಿಡೂ ಹೊತ್ತನ್ಯಾಗ ಕರದ್ರೂ ಅನ್ನಾಂಗಿಲ್ಲ.”

“ಶಾಪ ಹಾಕಿದಳು!” ಎಂದು ಒಬ್ಬ ಹೆಂಗಸು ಚೀರಿದಳು. ಹೆಂಗಸರು ಮಕ್ಕಳನ್ನು ಎಳೆದುಕೊಂಡು ಎದ್ದರು. ಅವಳು ಬಾಯಿ ಮುಚ್ಚಿಕೊಂಡಿದ್ದಾಗ ಸಾಕ್ಷಿ ಇರಲಿಲ್ಲ. ಈಗ ಇಡೀ ಊರು ಸಾಕ್ಷಿಯಾಯಿತು.

ಫಕ್ಕೀರವ್ವ ಶಶಿಕಾಂತನ ಕಡೆ ತಿರುಗಿದಳು. “ಹೊರಗ ಹಾಕಿದ ಮ್ಯಾಲ ಆಕಿ ಎಲ್ಲಿ ಹೋಗತಾಳ್ರಿ, ನಿಮ್ಮ ನಾಟಕದಾಗ?”

ಉತ್ತರ ಕೊಟ್ಟವಳು ವಾಣಿಶ್ರೀ. ಅಳುತ್ತಿದ್ದಳು. “ಅದನ್ನ ಬರದಿಲ್ಲ ಅವ್ವಾ. ಯಾವತ್ತೂ ಬೇಕಾಗಿದ್ದಿಲ್ಲ. ಹಂಗೇನರೆ ಆದ್ರ ದೀಪ ಆರಸ್ರಿ ಅಂತ ಬರದಾರ, ಅಷ್ಟ.”

ಫಕ್ಕೀರವ್ವ ಆಕಾಶ ನೋಡಿದಳು. ಬಿಸಿಲು ಇನ್ನೂ ಶಾಲೆಯ ಹಂಚಿನ ಮೇಲಿತ್ತು.

“ಹೊತ್ತು ಮುಣಗಿಲ್ಲಲ್ಲವ್ವ. ಇದನ್ನ ಯಾರು ಆರಸ್ತೀರಿ?”

ಅವಳು ಸುಣ್ಣದ ದುಂಡಿನ ನಡುವೆ ಕುಳಿತಳು. ಜನ ಕರಗಿದರು. ನಾಟಕದ ಹುಡುಗರು ಮೀಸೆ ಕಿತ್ತು ಪೆಟ್ಟಿಗೆ ತುಂಬಿದರು. ಶಶಿಕಾಂತ ಕೊನೆಗೆ ಬಂದು ಕುಕ್ಕರಗಾಲಲ್ಲಿ ಕುಳಿತ. ತಮ್ಮ ಗಾಡಿಯಲ್ಲಿ ಧಾರವಾಡಕ್ಕೆ ಬರಲಿ, ತಂಡದ ಜೊತೆ ಇರಲಿ, ಊರೂರಿಗೆ ಹೋಗಿ ಇದನ್ನೇ ಜನಕ್ಕೆ ತೋರಿಸಲಿ ಎಂದ.

“ಊರೂರಿಗೆ ಹೋಗಿ ದಿನಾ ಹೊರಗಾಗಂತೀರಿ?” ಎಂದಳು. ಅವನು ಎದ್ದು ಹೋದ.

ಮೊದಲು ಇದ್ದದ್ದು ಪಿಸುಮಾತು. ಈಗ ತೀರ್ಪು. ಅಂಗಡಿಯವನು ಮುಖಕ್ಕೆ ಹೇಳಿದ: “ದೈವದ ಮಾತಾಗೈತಿ, ನಾ ಏನ್ ಮಾಡಲಿ?” ಗಿರಣಿಯವನೂ ಅದನ್ನೇ ಹೇಳಿದ. ಹೆಡ್‌ಮಾಸ್ತರರು ಬೇರೊಬ್ಬಳನ್ನು ಒಲೆಯ ಮುಂದೆ ಕೂರಿಸಿದರು. ಇಷ್ಟನ್ನು ಫಕ್ಕೀರವ್ವ ಹಲ್ಲು ಕಚ್ಚಿ ತಾಳಿದಳು. ಆಮೇಲೆ ಅವಳ ಓಣಿಯವರನ್ನು ಕೂಲಿಗೆ ಕರೆಯುವುದು ನಿಂತಿತು. ಒಂದು ಬೆಳಿಗ್ಗೆ ಮುದುಕ ಗುಡ್ಡಪ್ಪ ಬಂದು ಅವಳ ಹೊಸ್ತಿಲ ಕೆಳಗೆ ನಿಂತ. ಅಂದು ಓಣಿಯವರಲ್ಲಿ ನೀರು ಕುಡಿಯಲು ಮೊದಲು ಎದ್ದವನು ಅವನೇ.

“ಹುಡುಗರು ಹಸಕೊಂಡು ಕುಂತಾವ ಯವ್ವಾ” ಎಂದ.

“ತಿಳೀತು ಕಾಕಾ” ಎಂದಳು ಫಕ್ಕೀರವ್ವ. ಬಾಗಿಲು ಎಳೆದುಕೊಂಡು, ಕೈಬೀಸಿಕೊಂಡು ಹೊರಟಳು. ಬೀಗ ಹಾಕಲಿಲ್ಲ. ಆ ಮನೆಯೊಳಗೆ ಹೋಗುವ ಧೈರ್ಯ ಯಾರಿಗೂ ಇರಲಿಲ್ಲ.

ಮಕ್ತುಮಬಿ ಇಲ್ಲಿಗೆ ನಿಲ್ಲಿಸಿದಳು.

ಕಟ್ಟೆಯ ಮೇಲೆ ಕುಳಿತು ಕೇಳುತ್ತಿದ್ದ ಓಣಿಯ ಹೆಂಗಸರು ಕಣ್ಣು ಒರೆಸಿಕೊಂಡರು. “ಅಂಥಾ ಊರಿಗೆ ಬೆಂಕಿ ಹಚ್ಚಬೇಕು” ಎಂದಳು ಮುರಿಗೆವ್ವ. “ಒಂದು ತಂಬಿಗಿ ನೀರು ಕುಡದ್ರ ಇವರಪ್ಪನ ಗಂಟೇನು ಹೋಗತಿತ್ತು?” ಮಾಬೂಬಿ ಲೊಚಗುಟ್ಟಿದಳು. “ಹಳ್ಳಿ ಮಂದಿ ಹಂಗ. ಅವಕ್ಕ ಬುದ್ಧಿ ಬರೂದು ಯಾವಾಗೋ.” ಆಮೇಲೆ ಕೇಳಿದಳು: “ಈಗ ಎಲ್ಲದಾಳ ಚಾಚಿ ಆಕಿ?”

“ಒಳಗದಾಳ” ಎಂದಳು ಮಕ್ತುಮಬಿ. “ಫಕ್ಕೀರವ್ವಾ, ಆತೇನವ್ವ ಚಹಾ? ತಗೊಂಬಾ.”

ಬಾಗಿಲ ಪರದೆ ಸರಿಯಿತು. ಕೂದಲಿಲ್ಲದ ಎರಡು ಕೈಗಳು ಒಂದು ತಟ್ಟೆ ಹಿಡಿದು ಹೊರಗೆ ಬಂದವು. ಕಪ್ಪುಗಳಿಂದ ಆವಿ ಏಳುತ್ತಿತ್ತು. ಫಕ್ಕೀರವ್ವ ಯಾರ ಮುಖವನ್ನೂ ನೋಡಲಿಲ್ಲ. ತಟ್ಟೆಯನ್ನು ಕಟ್ಟೆಯ ಮೇಲಿಟ್ಟು ಹಿಂದೆ ಸರಿದು ನಿಂತಳು.

ಆ ಕಟ್ಟೆಯ ಮೇಲೆ ಚಹಾ ಬೇಡವೆಂದು ಅದುವರೆಗೆ ಯಾರೂ ಅಂದಿರಲಿಲ್ಲ.

“ಅಯ್ಯ, ನಂದು ಇವತ್ತ ಉಪವಾಸರಿ ಚಾಚಿ” ಎಂದಳು ಮುರಿಗೆವ್ವ.

“ಸೋಮವಾರ ನಿನ್ನೆ ಆತಲ್ಲವಾ ಮುರಿಗೆವ್ವ. ಇವತ್ತ ಯಾವ ಉಪವಾಸ?”

ಮುರಿಗೆವ್ವ ಸೀರೆಯ ಧೂಳು ಕೊಡವಿಕೊಂಡಳು. ಮಾಬೂಬಿ ಆಗಲೇ ಎದ್ದು ನಿಂತಿದ್ದಳು. “ನಳದ ನೀರು ಬರೂ ಹೊತ್ತಾತು. ಇವತ್ತ ತಪ್ಪಿದ್ರ ಮತ್ತ ಮುಂದಿನ ವಾರನ.” ಉಳಿದವರಿಗೂ ನಳದ ನೆನಪಾಯಿತು. ಒಬ್ಬಳು ಕೂಸನ್ನು ಕಂಕುಳಿಗೆ ಏರಿಸಿಕೊಂಡಳು. ಒಬ್ಬಳು ಚಪ್ಪಲಿ ಹುಡುಕಿದಳು. ಚಹಾದ ಮೇಲೆ ಕೆನೆ ಕಟ್ಟುತ್ತಿತ್ತು. ಫಕ್ಕೀರವ್ವ ಯಾರನ್ನೂ ಕೂಡ್ರಿ ಎನ್ನಲಿಲ್ಲ.

ಕೇಳಿದವರೆಲ್ಲ ಸೆರಗು ಹೊದ್ದುಕೊಂಡು, ತಮ್ಮ ತಮ್ಮ ಮನೆಗೆ ಹೋದರು.